ಮಂಚಮ್ಮ ಸುರಿದ ಎರಡು ಡ್ರಮ್ಮು ಮೀನುಮರಿ

ಮಡುವಿನಕೊಪ್ಪಲಿನಲ್ಲಿ ಮಂಚಮ್ಮನ ಬಾಯಿಗೆ ಹೆದರದವರು ಎರಡೇ ಕಡೆ ಇರುವುದು. ಒಂದು, ಪಕ್ಕದ ಮನೆಯ ಚಿಕ್ಕಬೋರಮ್ಮ. ಇನ್ನೊಂದು, ಹೊಳೆಯೊಳಗಿನ ಬಿಳಿಮೀನು. ಅವಕ್ಕೆ ಕಿವಿ ಇಲ್ಲ, ಅದಕ್ಕೇ ಹೆದರಲ್ಲ ಅಂತ ಮಂಚಮ್ಮನೇ ಹೇಳುತ್ತಾಳೆ. ಉಳಿದವರು, ಪಂಚಾಯ್ತಿ ಮೆಂಬರಿನಿಂದ ಹಿಡಿದು ಕರೆಂಟ್ ಬಿಲ್ಲು ಕೊಡುವವನವರೆಗೆ, ಅವಳ ಮುಂದೆ ಒಂದು ಕಾಲು ಹಿಂದಕ್ಕಿಟ್ಟೇ ಮಾತಾಡುವುದು. ಅಂಥ ಹೆಂಗಸು ಹೋದ ವರ್ಷ ಊರವರೆಲ್ಲರ ಎದುರಿಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಗೊಳೋ ಅಂತ ಅತ್ತುಬಿಟ್ಟಳು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಅವಳ ತವರು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ. ಅಲ್ಲಿ ಕುರಿ ಉಂಟು, ಹುರುಳಿ ಉಂಟು, ಮಳೆ ಮನಸ್ಸು ಮಾಡಿದರೆ ರಾಗಿ ಉಂಟು. ಹೊಳೆ ಮಾತ್ರ ಇಲ್ಲ. ಹದಿನೆಂಟಕ್ಕೆ ಮದುವೆಯಾಗಿ ಶ್ರೀರಂಗಪಟ್ಟಣದ ಕೆಳಗಿನ ಈ ಕೊಪ್ಪಲಿಗೆ ಬಂದವಳು ಕಾವೇರಿಯನ್ನು ಕಣ್ಣರಳಿಸಿ ನೋಡಿ, "ಇಷ್ಟೂ ನೀರು ಯಾರ್ದು?" ಅಂತ ಕೇಳಿದ್ದಳು. ಗಂಡ ಚಿಕ್ಕಮಾದಯ್ಯ ತೆಪ್ಪ ಹಾಕಿ ಮೀನು ಹಿಡಿಯುವವನು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕದ್ದು ಸಾಲದು ಅಂತ ಊರಿಗೆಲ್ಲ ಹೇಳಿಕೊಂಡು ಬಂದ. ಮಂಚಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಮೂರು ತಿಂಗಳಿಗೆ ಈಜು ಕಲಿತಳು, ಆರು ತಿಂಗಳಿಗೆ ತೆಪ್ಪ ಕಲಿತಳು. ವರ್ಷ ತುಂಬುವ ಹೊತ್ತಿಗೆ ಗಂಡನಿಗಿಂತ ನೇರ ಹುಟ್ಟು ಹಾಕುತ್ತಿದ್ದಳು.

ಕೊಪ್ಪಲಿಗೆ ಆ ಹೆಸರು ಬಂದದ್ದೇ ಮಡುವಿನಿಂದ. ಲೋಕಪಾವನಿ ಬಂದು ಕಾವೇರಿಗೆ ಸೇರುವ ಜಾಗದಿಂದ ಒಂದು ಕೂಗಳತೆ ಕೆಳಗೆ, ಬಂಡೆಗಳ ನಡುವೆ ಹೊಳೆ ಇದ್ದಕ್ಕಿದ್ದಂತೆ ಆಳವಾಗುತ್ತದೆ. ಅಣೆಕಟ್ಟಿನಿಂದ ನೀರು ಬಿಡದ ಬೇಸಿಗೆಯಲ್ಲೂ ಅಲ್ಲಿ ತಳ ಕಾಣುವುದಿಲ್ಲ. ಆ ಮಡುವಿನಲ್ಲಿ ಇರುವುದು ಹಳೇ ಬಿಳಿಮೀನು. ಹೆಸರಿಗೆ ಬಿಳಿಮೀನು, ರೆಕ್ಕೆಯೆಲ್ಲ ಕೆಂಪು, ಬೆನ್ನು ಗೂನು. ಹಿಂದೆ ಹೊಳೆ ಉದ್ದಕ್ಕೂ ಇದ್ದವಂತೆ. ಈಗ ಬೇರೆ ಕಡೆ ಸಿಕ್ಕುವುದೆಲ್ಲ ಬೂದಿ ಬಣ್ಣದ ರೆಕ್ಕೆಯವು, ಎಲ್ಲಿಂದಲೋ ತಂದು ಬಿಟ್ಟವು. ಚಿಕ್ಕಮಾದಯ್ಯನ ಮನೆತನದಲ್ಲಿ ಒಂದು ರೂಢಿ ಇತ್ತು: ಕೆಂಪುರೆಕ್ಕೆಯ ಬಸುರಿ ಮೀನು ಸಿಕ್ಕರೆ ಮನೆಗೆ ತರುವಂತಿಲ್ಲ. ಮನೆಯಲ್ಲಿ ಒಲೆ ಹಚ್ಚದೇ ಇದ್ದರೂ ಸರಿ, ಕೈಮುಗಿದು ನೀರಿಗೆ ಬಿಡಬೇಕು. ಒಂಬತ್ತು ವರ್ಷದ ಹಿಂದೆ ಅವನು ಮೂತ್ರಪಿಂಡದ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಮಂಚಮ್ಮ ಒಬ್ಬಳೇ ಆ ರೂಢಿ ನಡೆಸಿಕೊಂಡು ಬಂದಳು. ಮೀನು ಕಮ್ಮಿಯಾಗುತ್ತಾ ಬಂತು. ತೆಪ್ಪ ಯಾರಿಗಾದರೂ ಕೊಟ್ಟು, ಮಗಳು ಸುನಿತಾಳ ಜತೆ ಗಾರ್ಮೆಂಟ್ಸಿಗೆ ಸೇರಿಕೊಳ್ಳೋಣ ಅಂತ ಯೋಚನೆ ಮಾಡುತ್ತಿದ್ದಳು.

ಆಗ ಬಂದವಳು ಅಕ್ಷಿತಾ. ಕಾಡಿನ, ಹೊಳೆಯ ಜೀವಿಗಳ ತಳಿಗಳನ್ನು ಉಳಿಸುವುದು ಹೇಗೆ ಅಂತ ಸಂಶೋಧನೆ ಮಾಡುವ ಹುಡುಗಿ. ಇಲಾಖೆಯ ಮೊಹರು ಒತ್ತಿದ ಕಾಗದ ಕೈಯಲ್ಲಿ ಹಿಡಿದುಕೊಂಡು ಊರೂರಿನ ತೆಪ್ಪದವರನ್ನು ಕೇಳಿ, ಯಾರೂ ಒಪ್ಪದೆ, ಕೊನೆಗೆ ಮಂಚಮ್ಮನ ಜಗುಲಿಗೆ ಬಂದು ಕೂತಳು. ಅವಳ ಕೆಲಸವೋ, ಕೇಳಿದವರು ನಗುವಂಥದ್ದು. ಗಾಳ ಹಾಕಿ ಮೀನು ಹಿಡಿಯಬೇಕು, ರೆಕ್ಕೆಯಲ್ಲಿ ಅಕ್ಕಿಕಾಳಿನಷ್ಟು ಕತ್ತರಿಸಿ ಸೀಸೆಗೆ ಹಾಕಿಕೊಳ್ಳಬೇಕು, ಮೀನನ್ನು ವಾಪಸು ಬಿಡಬೇಕು.

"ಇಡಿಯೋದು, ಬುಡೋದು. ಅಷ್ಟೇಯಾ?" ಅಂದಳು ಮಂಚಮ್ಮ.

"ಅಷ್ಟೇ ಕಣಮ್ಮ."

"ಯಾವೂರವ್ವ ನಿಂದು?"

"ನಾಗಮಂಗಲದ ದೇವಲಾಪುರ."

ಮುಗಿಯಿತು. ತವರಿನ ಕಡೆಯ ಹುಡುಗಿ! ಮಂಚಮ್ಮ ಎದ್ದು ಒಳಗೆ ಹೋಗಿ ಮಜ್ಜಿಗೆ ತಂದಳು.

ಹುಡುಗಿಗೆ ಈಜು ಬಾರದು. ಮೊದಲ ದಿನ ತೆಪ್ಪದಲ್ಲಿ ಕಣ್ಣು ಮುಚ್ಚಿಕೊಂಡು, ಅಂಚನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದಳು. "ಕಣ್ ಬುಡು ಮಗಾ, ಮೀನು ನೀರೊಳಗವೆ, ನಿನ್ ರೆಪ್ಪೆ ಒಳಗಿಲ್ಲ," ಅಂತ ಮಂಚಮ್ಮ ಗದರಿದಳು. ಆಮೇಲೆ ಎರಡು ವರ್ಷ ಇಬ್ಬರೂ ಬೆಳಗಾಗುತ್ತಲೇ ಮಡುವಿಗೆ ಇಳಿದರು. ಗಾಳಕ್ಕೆ ರಾಗಿಮುದ್ದೆಯ ಉಂಡೆ. ಬಿಳಿಮೀನಿಗೆ ಅದೇ ಇಷ್ಟ, ಮಂಡ್ಯದ ಮೀನಲ್ಲವೇ! ಮುದ್ದೆ ಎಷ್ಟು ಗಟ್ಟಿ ಇರಬೇಕು, ಯಾವ ಬಂಡೆಯ ನೆರಳಲ್ಲಿ ಯಾವ ಹೊತ್ತಿಗೆ ಮೀನು ಬರುತ್ತದೆ, ಮರಿಗಳು ಯಾವ ಜಾಗದಲ್ಲಿ ಆಡುತ್ತವೆ, ಎಲ್ಲವನ್ನೂ ಅಕ್ಷಿತಾ ಕೇಳಿ ಕೇಳಿ ಪುಸ್ತಕಕ್ಕೆ ಬರೆದುಕೊಂಡಳು. ಮಂಚಮ್ಮನಿಗೆ ಐವತ್ತೇಳು ವರ್ಷ. ನಿನಗೆ ಏನು ಗೊತ್ತು ಹೇಳು ಅಂತ ಕೇಳಿ, ಹೇಳಿದ್ದನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು. ಗಾರ್ಮೆಂಟ್ಸಿನ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ.

ಒಂದು ದಿನ ಕೇಳಿದಳು, "ಅಲ್ಲ ಮಗಾ, ಈ ಚೂರಲ್ಲಿ ಏನ್ ಕಾಣ್ತದೆ ನಿಂಗೆ?"

ಅಕ್ಷಿತಾ ತನ್ನ ತಾತನ ಮನೆಯ ಕತೆ ಹೇಳಿದಳು. ತಾತ ಕರಿಯಯ್ಯ ಮೂರು ಗುಡಾಣದಲ್ಲಿ ಮೂರು ತರದ ರಾಗಿ ಬೀಜ ಇಡುತ್ತಿದ್ದ. ಒಂದು ಮಳೆ ಕೈಕೊಟ್ಟರೂ ತಾಳುವುದು, ಒಂದು ರೋಗ ತಾಳುವುದು, ಇನ್ನೊಂದು ಗಾಳಿಗೆ ಬೀಳದ್ದು. ಯಾವ ವರ್ಷ ಏನು ಬಂದರೂ ಒಂದಲ್ಲ ಒಂದು ಮನೆ ನಡೆಸುತ್ತಿತ್ತು. ಆಮೇಲೆ ಎಲ್ಲರೂ ಅಂಗಡಿಯ ಒಂದೇ ಚೀಲದ ಬೀಜ ಬಿತ್ತಿದರು. ಅದಕ್ಕೆ ರೋಗ ಹತ್ತಿದ ವರ್ಷ ಊರಿಗೂರೇ ಕಣದಲ್ಲಿ ರಾಗಿ ಕುಪ್ಪೆ ಹಾಕಲಿಲ್ಲ. "ಈ ಮೀನಿನ ಮೈಯೊಳಗೂ ಅಂಥ ತರಾವರಿ ಬೀಜ ಇದೆ ಕಣಮ್ಮ. ಬೇರೆ ಮಡುಗಳಲ್ಲಿ ಅಳಿಸಿಹೋಗಿರೋದು ಇಲ್ಲಿ ಉಳಿದಿದೆ. ಈ ತರಾವರಿ ಹೋದರೆ, ನೋಡೋಕೆ ಹೊಳೆ ತುಂಬ ಮೀನಿದ್ದರೂ ಒಂದು ಕೆಟ್ಟ ವರ್ಷಕ್ಕೆ ಎಲ್ಲಾ ಹೋಗುತ್ತವೆ."

ಮಂಚಮ್ಮನಿಗೆ ಅರ್ಥವಾಯಿತು. ಅರ್ಥವಾದದ್ದು ಹೊತ್ತಿಗೆ ಸರಿಯಾಗಿ ನೆನಪಿಗೆ ಬರಬೇಕಲ್ಲ, ಅದೇ ಕಷ್ಟ.

ಹೋದ ವರ್ಷ ಅಕ್ಷಿತಾಳ ಪ್ರಬಂಧ ಅಚ್ಚಾಯಿತು. ಅಚ್ಚು ಅಂದರೆ ಕಾಗದದಲ್ಲಲ್ಲ, ಇಂಟರ್ನೆಟ್ಟಿನಲ್ಲಿ. ಓಡಿ ಬಂದು ಫೋನಿನಲ್ಲಿ ತೋರಿಸಿದಳು. ಪಕ್ಕದಲ್ಲಿ ಬಣ್ಣಬಣ್ಣದ ಒಂದು ಬಳೆ, ಬಳೆಯ ನಡುವೆ ನಾಲ್ಕು ಅನ್ನುವ ಅಂಕಿ. ಈ ಪ್ರಬಂಧದ ವಿಷಯ ಲೋಕದಲ್ಲಿ ಎಷ್ಟು ಕಡೆ ಮಾತಿಗೆ ಬಂದಿದೆ ಅನ್ನುವ ಲೆಕ್ಕವಂತೆ ಅದು.

"ನಾಕೇಯಾ?" ಅಂದಳು ಮಂಚಮ್ಮ. "ನಮ್ ಕೊಪ್ಪಲಲ್ಲಿ ಒಂದ್ ಕೋಳಿ ಸತ್ರೂ ನಲವತ್ ಜನ ಮಾತಾಡ್ತಾರೆ."

"ಅದರಲ್ಲೂ ಒಂದು ನಾನೇ ಕಣಮ್ಮ," ಅಂತ ಅಕ್ಷಿತಾ ಒಪ್ಪಿಕೊಂಡಳು.

ಎರಡು ವರ್ಷ ಬಿಸಿಲಲ್ಲಿ ಬೆಂದದ್ದಕ್ಕೆ ನಾಲ್ಕು! ಮಂಚಮ್ಮ ಪಕ್ಕದ ಮನೆಗೆ ಹೋಗಿ ಹೇಳಿಕೊಂಡಳು. ಚಿಕ್ಕಬೋರಮ್ಮನ ಸೊಸೆ ಪ್ರಮೀಳಾ ಅಂಗನವಾಡಿ ಟೀಚರು, ಫೋನಿನ ವಿದ್ಯೆಯಲ್ಲಿ ಜಾಣೆ. ಅವಳು, "ದೊಡ್ಡವ್ವ, ನೀವು ಮೀನು ಬಿಡೋದನ್ನ ಒಂದು ವಿಡಿಯೋ ಮಾಡ್ತೀನಿ, ಸುಮ್ಮನೆ ನಿಮ್ಮ ಕೆಲಸ ಮಾಡ್ತಿರಿ," ಅಂದಳು. ಮಂಚಮ್ಮ ಕೆಲಸ ಮಾಡಿದಳು, ಸುಮ್ಮನೆ ಮಾತ್ರ ಮಾಡಲಿಲ್ಲ. ತೋಳುದ್ದದ ಕೆಂಪುರೆಕ್ಕೆ ಮೀನನ್ನು ನೀರಲ್ಲೇ ಎರಡೂ ಕೈಯಲ್ಲಿ ಹಿಡಿದು ಬೈದಳು: "ಓದ್ ತಿಂಗ್ಳೂ ನೀನೇ ಸಿಕ್ಕಿದ್ದೆ. ಬಾಯ್ಚಪಲ ಇನ್ನೂ ಓಗ್ನಿಲ್ವಾ ನಿಂಗೆ? ಮನೇಲಿ ಮಕ್ಳುಮರಿ ಇಲ್ವಾ? ಓಗು, ಇನ್ನೊಂದ್ಸಲ ಈ ಕಡೆ ತಲೆ ಹಾಕುದ್ರೆ ನೋಡು!" ಮೀನು ಬಾಲ ಬೀಸಿ ಅವಳ ಮುಖಕ್ಕೆ ನೀರೆರಚಿ ಹೋಯಿತು.

ಆ ಬೈಗುಳ ಊರು ದಾಟಿತು, ಜಿಲ್ಲೆ ದಾಟಿತು, ಸಮುದ್ರವನ್ನೂ ದಾಟಿತು. ಅದರ ಕೆಳಗೆ ಅಕ್ಷಿತಾ ತನ್ನ ಪ್ರಬಂಧದ ಕೊಂಡಿ ಹಾಕಿದಳು. ಹದಿನೈದು ದಿನದಲ್ಲಿ ಬಳೆಯ ನಡುವಿನ ನಾಲ್ಕು ಆರುನೂರು ದಾಟಿತು. ಮೀನಿನ ತಳಿ ಅಂದರೇನು, ಈ ಮಡುವಿನಲ್ಲಿ ಉಳಿದದ್ದೇನು ಅಂತ ಎಲ್ಲೆಲ್ಲಿಯವರೋ ಬರೆದರು. ಪ್ರಮೀಳಾ ದಿನಾ ಸಂಜೆ ಜಗುಲಿಯಲ್ಲಿ ಕೂತು ಅವರ ಮಾತುಗಳನ್ನು ಓದಿ ಹೇಳುವಳು. ಹೆಸರೂ ತಿಳಿಯದ ಊರಿನ ಒಬ್ಬಾಕೆ "ಅಮ್ಮ, ನಿಮಗೆ ಧನ್ಯವಾದ" ಅಂತ ಬರೆದಿದ್ದಳು. ಮಂಚಮ್ಮ ಅದನ್ನು ಮೂರು ಸಲ ಓದಿಸಿದಳು.

ಊರಿಗೆ ಹೆಮ್ಮೆ ಬಂತು. ಹೆಮ್ಮೆ ಬಂದ ಮೇಲೆ ಸನ್ಮಾನ ಬರದೆ ಇರುತ್ತದೆಯೇ? ಡೇರಿಯ ಅಧ್ಯಕ್ಷ, ಪಂಚಾಯ್ತಿ ಮೆಂಬರು ಎರಡೂ ಆಗಿರುವ ತಿಮ್ಮರಾಜು ಮನೆಗೇ ಬಂದ. ಮನುಷ್ಯ ಒಳ್ಳೆಯವನು, ಸ್ವಲ್ಪ ಅಬ್ಬರ ಜಾಸ್ತಿ. "ಅವ್ವ, ಶಾಲು-ಹಾರ ಎಲ್ರೂ ಹಾಕ್ತಾರೆ. ನಾವು ಮೀನಿಗೂ ಏನಾರ ಮಾಡ್ಬೇಕು. ಹತ್ತ್ ಸಾವ್ರ ಬಿಳಿಮೀನ್ ಮರಿ ತರುಸ್ತೀನಿ. ನಿನ್ ಕೈಲೇ ಮಡುವ್ಗೆ ಬುಡ್ಸಾಣ," ಅಂದ.

ಅವನ ಜಾಗದಲ್ಲಿ ಈ ಕಡೆಯವರು ಯಾರಿದ್ದರೂ ಹಾಗೇ ಹೇಳುತ್ತಿದ್ದರು. ವರ್ಷಾ ವರ್ಷಾ ಮಳೆಗಾಲದಲ್ಲಿ ಕೆರೆಗೆ ಮರಿ ತಂದು, ಕಾಯಿ ಒಡೆದು, ಹೂ ಹಾಕಿ ಬಿಡುವುದು ಇಲ್ಲಿ ನಡೆದುಕೊಂಡು ಬಂದ ಕೆಲಸ. ಕಮ್ಮಿಯಾಗಿದೆಯೋ, ತಂದು ತುಂಬು. ಮಂಚಮ್ಮನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಹತ್ತು ಸಾವಿರ ಅಂದದ್ದೇ ತಡ, ಮಡುವಿನ ತುಂಬ ಕೆಂಪುರೆಕ್ಕೆ ಆಡುವುದು ಕಣ್ಣ ಮುಂದೆ ಬಂದುಬಿಟ್ಟಿತು. ಅಕ್ಷಿತಾ ಆಗ ಯಾವುದೋ ಸಭೆಗೆ ಉತ್ತರದ ಕಡೆ ಹೋಗಿದ್ದಳು. "ಅವಳಿಗೆ ಯೋಳ್ಬೇಡಿ. ಬಂದ್ ನೋಡಿ ಬೆರಗಾಗ್ಲಿ," ಅಂತ ಮಂಚಮ್ಮ ಪ್ರಮೀಳಾಗೂ ತಾಕೀತು ಮಾಡಿದಳು. ಆ ಹುಡುಗಿಯ ಋಣಕ್ಕೆ ತಾನೂ ಏನಾದರೂ ಕೊಡಬೇಕು ಅನ್ನುವುದು ಅವಳ ಆಸೆ.

ಸನ್ಮಾನದ ದಿನ ಬೆಳಗ್ಗೆ ಮಡುವಿನ ಮೆಟ್ಟಿಲ ಹತ್ತಿರ ಶಾಮಿಯಾನ, ಮೈಕು, ಕುರ್ಚಿ. ಕೆ.ಆರ್. ಪೇಟೆ ಕಡೆಯ ಒಂದು ಖಾಸಗಿ ಮರಿ ಸಾಕುವ ಜಾಗದಿಂದ ಟೆಂಪೋ ಬಂತು. ಹತ್ತು ನೀಲಿ ಡ್ರಮ್ಮು, ಡ್ರಮ್ಮಿಗೆ ಸಾವಿರ ಮರಿ. ಮರಿ ತಂದವನು ಮಹದೇವಸ್ವಾಮಿ, ಅಲ್ಲೇ ಕೆಲಸ ಮಾಡುವವನು. ಮಂಚಮ್ಮನಿಗೆ ಜರಿಯ ಶಾಲು ಹೊದಿಸಿದರು, ಹಾರ ಹಾಕಿದರು. ಸನ್ಮಾನದಲ್ಲಿ ಶಾಲು ಒಬ್ಬರಿಗೆ, ಫೋಟೊ ಹತ್ತು ಜನಕ್ಕೆ. ನೂಕುನುಗ್ಗಲಲ್ಲಿ ಹತ್ತಾರು ಫೋನು ಅವಳ ಮುಖಕ್ಕೆ ಬಂದವು. ಮೊದಲ ಡ್ರಮ್ಮು ಬಗ್ಗಿಸಿದಳು. ಜನ ಚಪ್ಪಾಳೆ ತಟ್ಟಿದರು. ಎರಡನೆಯದನ್ನೂ ಬಗ್ಗಿಸಿದಳು. ಅವಳ ಕಣ್ಣು ಮರಿಗಳ ಮೇಲೆ ಇರಲಿಲ್ಲ, ಇತ್ತ ನೋಡಿ ಅವ್ವ, ಅತ್ತ ನೋಡಿ ಅವ್ವ ಅನ್ನುವ ಫೋನುಗಳ ಮೇಲಿತ್ತು. ಅದನ್ನು ಆಮೇಲೆ ಅವಳೇ ಹೇಳಿಕೊಂಡಳು.

ಮೂರನೆಯ ಡ್ರಮ್ಮಿನ ಮುಚ್ಚಳ ತೆಗೆದವಳು ಒಂದು ಹಿಡಿ ಹೂವು ಹಾಕಲು ಕೈ ಇಳಿಸಿದಳು. ಮರಿಗಳು ಓಡಲಿಲ್ಲ. ಗುಂಪಾಗಿ ಮೇಲೆ ಬಂದು ಅವಳ ಬೆರಳನ್ನು ಚೀಪಿದವು. ಮಂಚಮ್ಮ ಅಲ್ಲೇ ನಿಂತಳು. ಮೂವತ್ತೊಂಬತ್ತು ವರ್ಷ ಹೊಳೆಯಲ್ಲಿ ಬಾಳಿದವಳು. ಹೊಳೆಯ ಮರಿ ಮನುಷ್ಯರ ಕೈ ಹತ್ತಿರ ಬಂದದ್ದನ್ನು ಒಂದು ದಿನವೂ ಕಂಡಿಲ್ಲ. ಒಂದನ್ನು ಬೊಗಸೆಯಲ್ಲಿ ಎತ್ತಿ ಬಿಸಿಲಿಗೆ ಹಿಡಿದಳು. ಬೆರಳುದ್ದ ಇದೆ. ಮಡುವಿನ ಮರಿಯಾದರೆ ಅಷ್ಟುದ್ದಕ್ಕೆ ಬಾಲಕ್ಕೆ ಕೆಂಪು ಏರಿರಬೇಕು. ಇದರದ್ದು ಬೂದಿ.

"ನಿಲ್ಸಿ," ಅಂದಳು. ಮೈಕಿನವನು ಇನ್ನೂ ಹಾಡು ಹಾಕಿಕೊಂಡೇ ಇದ್ದ. "ಲೇ, ನಿಲ್ಸಿ ಅಂದೆ!" ಆ ಕೂಗಿಗೆ ಮೈಕೂ ನಿಂತಿತು. "ಇವು ನಮ್ವಲ್ಲ!"

ತಿಮ್ಮರಾಜುವಿನ ಮುಖ ಕೆಂಪಾಯಿತು. "ಅದ್ಯಾಕವ್ವ ಇಂಗಂತೀಯ? ಚೀಟೀಲಿ ಬಿಳಿಮೀನು ಅಂತ್ಲೇ ಬರ್ದವ್ರೆ. ಮೀನು ಮೀನೇ ಅಲ್ವಾ?"

ಮಂಚಮ್ಮ ಮಹದೇವಸ್ವಾಮಿಯ ಕಡೆ ತಿರುಗಿದಳು. "ನೀನ್ ಯೋಳ್ಲಾ. ಈ ಹತ್ತ್ ಸಾವ್ರಕ್ಕೆ ತಾಯಿ ಎಷ್ಟು?"

ಅವನು ಸುಳ್ಳು ಹೇಳುವ ಪೈಕಿ ಅಲ್ಲ. "ನಾಕು ಕಣವ್ವ. ನಾಕೇ ತಾಯಿ. ಅವೂ ಈ ಕಡೇವಲ್ಲ."

ಅವಳಿಗೆ ಆಗ ತಲೆಯೊಳಗೆ ದೇವಲಾಪುರದ ತಾತನ ಮೂರು ಗುಡಾಣ ಬಂದು ನಿಂತವು. ನಾಲ್ಕು ತಾಯಿಯ ಹತ್ತು ಸಾವಿರ ಮರಿ. ಒಂದೇ ಚೀಲದ ಬೀಜ. ಅವು ಇಲ್ಲಿ ಬೆಳೆದು, ಇಲ್ಲಿಯವುಗಳ ಜತೆ ಕೂಡಿ, ನಾಲ್ಕೈದು ತಲೆಮಾರಿಗೆ ಮಡುವಿನಲ್ಲಿ ಮೀನಿರುತ್ತದೆ, ಕೆಂಪುರೆಕ್ಕೆ ಇರುವುದಿಲ್ಲ. ಎರಡು ಡ್ರಮ್ಮು ಆಗಲೇ ನೀರೊಳಗೆ ಹೋಗಿದೆ. ಸುರಿದದ್ದು ಬೇರೆ ಯಾರೂ ಅಲ್ಲ. ಗಂಡನ ಮನೆತನ ಹಸಿದುಕೊಂಡು ಉಳಿಸಿದ್ದನ್ನು ಇವಳು ಹಾರ ಹಾಕಿಸಿಕೊಂಡು ಹಾಳು ಮಾಡಿದಳು. ಮೊಣಕಾಲುದ್ದ ನೀರಿಗೆ ಇಳಿದು, ಕೈಗೆ ಸಿಕ್ಕದೆ ಜಾರುವ ಮರಿಗಳನ್ನು ಬೊಗಸೆಯಲ್ಲಿ ಬಾಚಲು ಹೋಗಿ, ಆಗದೆ, ನಿಂತಲ್ಲೇ ಅಳಲು ಶುರು ಮಾಡಿದಳು. ಆಗಲೇ ನಾನು ಹೇಳಿದೆನಲ್ಲ, ಅದು ಈ ಅಳು.

ಆಗ ಮಹದೇವಸ್ವಾಮಿ ಹತ್ತಿರ ಬಂದು ಮೆಲ್ಲಗೆ ಅಂದ, "ಅಳ್ಬೇಡ ಕಣವ್ವ. ಇವು ದೂರ ಓಗಾಕಿಲ್ಲ. ಮುಚ್ಚಳ ತಟ್ಟುದ್ರೆ ಊಟ ಅಂತ ಓಡ್ ಬತ್ತವೆ. ಉಟ್ಟಿದಾಗ್ಲಿಂದ ಅದೇ ಅಭ್ಯಾಸ."

"ತಟ್ಲಾ ಮತ್ತೆ, ನನ್ ಮಕ ಏನ್ ನೋಡ್ತೀಯಾ!"

ಅವನು ಡ್ರಮ್ಮಿನ ಮುಚ್ಚಳ ತೆಗೆದುಕೊಂಡು ಕೊನೆಯ ಮೆಟ್ಟಿಲಲ್ಲಿ ಕೂತು ಢಬ್ ಢಬ್ ಅಂತ ತಟ್ಟಿದ. ಒಂದು ಹಿಡಿ ತಿಂಡಿ ಎರಚಿದ. ಅಯ್ಯೋ, ಏನು ಹೇಳುವುದು! ನೀರು ಕಪ್ಪಾಗುವಷ್ಟು ಮರಿಗಳು ಮೆಟ್ಟಿಲ ಬುಡಕ್ಕೆ ಬಂದು ಮುತ್ತಿದವು. ಬಲೆ ತರಲು ಯಾರೋ ಓಡಿದರು. ಚಿಕ್ಕಬೋರಮ್ಮ ಕಾಯಲಿಲ್ಲ. ಬಂಡೆಯ ಮೇಲೆ ಒಣಗಹಾಕಿದ್ದ ತನ್ನ ಹಳೇ ಸೀರೆ ಎಳೆದುಕೊಂಡು, "ಇಡ್ಕಳೇ ಆ ಸೆರಗ!" ಅಂತ ಸೊಸೆಯನ್ನೂ ನೀರಿಗೆ ಎಳೆದಳು. ಚಿಕ್ಕಂದಿನಲ್ಲಿ ಕಾಲುವೆಯಲ್ಲಿ ಸೀರೆ ಒಡ್ಡಿ ಮೀನು ಹಿಡಿಯದ ಹೆಂಗಸು ಈ ಕಡೆ ಯಾರಿದ್ದಾರೆ? ಕೊಪ್ಪಲಿನ ಹೆಂಗಸರೆಲ್ಲ ಸೀರೆ ಹಿಡಿದು ಇಳಿದರು. ಸನ್ಮಾನಕ್ಕೆ ಉಟ್ಟ ರೇಷ್ಮೆಯೂ ನೆನೆಯಿತು, ಯಾರೂ ಲೆಕ್ಕಿಸಲಿಲ್ಲ. ಮಂಚಮ್ಮ ಮೂಗು ಒರೆಸಿಕೊಂಡು, ಹೆಗಲ ಮೇಲಿನ ಜರಿಯ ಶಾಲನ್ನು ಬಿಚ್ಚಿ ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿಯನ್ನು ತಿಮ್ಮರಾಜುವಿನ ಕಡೆ ಎಸೆದಳು.

ಅವನು ಒಂದು ಗಳಿಗೆ ನಿಂತ. ಸಿಟ್ಟು ಇಳಿದಿರಲಿಲ್ಲ, ಅವಮಾನವೂ ಆಗಿತ್ತು. ಕರೆದ ನೆಂಟರೆಲ್ಲ ನೋಡುತ್ತಿದ್ದರು. ಆಮೇಲೆ ಬಿಳಿ ಪಂಚೆ ಎತ್ತಿ ಕಟ್ಟಿ, "ತತ್ತಾ ಅವ್ವ," ಅಂತ ನೀರಿಗೆ ಇಳಿದ.

ಬಾಚಿ ತಂದದ್ದನ್ನು ಮಂಚಮ್ಮ ಬೋಗುಣಿಯಲ್ಲಿ ಒಂದೊಂದಾಗಿ ನೋಡಿದಳು. ಬಾಲ ಬೂದಿಯಾದರೆ ಡ್ರಮ್ಮಿಗೆ. ಹೊಳೆಯ ಬೇರೆ ಮರಿ ಸಿಕ್ಕಿಕೊಂಡಿದ್ದರೆ ವಾಪಸು ನೀರಿಗೆ. ಅಕ್ಷಿತಾ ಮಧ್ಯಾಹ್ನ ಬಸ್ಸಿಳಿದು ಬಂದಾಗ ಕಂಡದ್ದು ಇದು: ಶಾಮಿಯಾನ ಖಾಲಿ, ಊರೆಲ್ಲ ನೀರಲ್ಲಿ. ವಿಷಯ ಕೇಳಿ ಅವಳು ಚಪ್ಪಲಿ ಬಿಟ್ಟು ಬಂದು, ಈಜು ಬಾರದಿದ್ದರೂ ಮಂಚಮ್ಮನ ಪಕ್ಕದಲ್ಲಿ ನೀರಿಗೆ ಇಳಿದು ಬೋಗುಣಿ ಹಿಡಿದುಕೊಂಡಳು. ಮಂಚಮ್ಮನಿಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

"ನಾನೇ ಸುರ್ದಿದ್ದು ಮಗಾ," ಅಂದಳು.

"ನಿಲ್ಲಿಸಿದ್ದೂ ನೀವೇ ಅಂತೆ. ಇನ್ನೂ ಎಂಟು ಡ್ರಮ್ಮಿತ್ತಂತಲ್ಲಮ್ಮ," ಅಂದಳು ಹುಡುಗಿ.

ಸಂಜೆಯ ಹೊತ್ತಿಗೆ ಸಾವಿರದ ಒಂಬೈನೂರ ಅರವತ್ತು ಮರಿ ವಾಪಸು ಬಂದವು. ಮಿಕ್ಕ ನಲವತ್ತು ಎಲ್ಲಿ? ಮಹದೇವಸ್ವಾಮಿ ತಲೆ ಕೆರೆದುಕೊಂಡ. ಅವರ ಕಡೆ ಮರಿ ಎಣಿಸುವುದು ಚೊಂಬಿನಲ್ಲಿ. ಸಾವಿರ ಅಂದರೆ ಸಾವಿರಕ್ಕೆ ಹತ್ತಿರ ಅಷ್ಟೇ. ಹಾಗಾಗಿ ನೀರಲ್ಲಿ ಉಳಿದದ್ದು ನಲವತ್ತೋ, ನೂರೋ, ಒಂದೂ ಇಲ್ಲವೋ, ಹೇಳಬಲ್ಲವರು ಯಾರೂ ಇರಲಿಲ್ಲ. ಹತ್ತೂ ಡ್ರಮ್ಮನ್ನು ತಿಮ್ಮರಾಜು ಪಾಂಡವಪುರದ ಹತ್ತಿರದ ತನ್ನ ತೋಟದ ಕೃಷಿಹೊಂಡಕ್ಕೆ ಸಾಗಿಸಿದ. ಆ ಹೊಂಡದಿಂದ ಹಳ್ಳಕ್ಕೂ ಹೊಳೆಗೂ ದಾರಿಯಿಲ್ಲ. ಮಹದೇವಸ್ವಾಮಿ ಒಂದು ಮುಚ್ಚಳ ಮತ್ತು ಒಂದು ಚೀಲ ತಿಂಡಿಯನ್ನು ಮಂಚಮ್ಮನಿಗೆ ಬಿಟ್ಟು ಹೋದ.

ಮಾರನೆಯ ದಿನದಿಂದ ಅವಳು ಬೆಳಗಾದರೆ ಮೆಟ್ಟಿಲಲ್ಲಿ ಕೂತು ಮುಚ್ಚಳ ತಟ್ಟಿದಳು. ಒಬ್ಬಳೇ ಅಲ್ಲ. ಸೀರೆಯ ಇನ್ನೊಂದು ತುದಿ ಹಿಡಿಯಲು ಸರದಿಯ ಮೇಲೆ ಯಾರಾದರೊಬ್ಬರು ಬರುತ್ತಿದ್ದರು. ಅವಳು ಯಾರನ್ನೂ ಕರೆಯಲಿಲ್ಲ. ಚಿಕ್ಕಬೋರಮ್ಮನೇ ಮನೆಮನೆಗೆ ಹೇಳಿ ಸರದಿ ಮಾಡಿದ್ದಳು. ಮೊದಲ ದಿನ ಹನ್ನೊಂದು ಸಿಕ್ಕಿದವು. ಆಮೇಲೆ ಆರು, ಮೂರು. ಹದಿನೇಳನೆಯ ದಿನ ಒಂದು. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ತಟ್ಟಿದರೂ ಒಂದೂ ಬರಲಿಲ್ಲ.

ಇಷ್ಟರಲ್ಲಿ ಫೋನಿನ ಲೋಕ ಬೇರೆಯೇ ಆಟ ಆಡಿತ್ತು. ಮೊದಲ ಎರಡು ಡ್ರಮ್ಮು ಸುರಿದದ್ದನ್ನು ಯಾರೋ ಅಷ್ಟಕ್ಕೇ ಕತ್ತರಿಸಿ ಹಾಕಿದ್ದರು. ಹತ್ತು ಸಾವಿರ ಮರಿ ಬಿಟ್ಟ ಮಹಾತಾಯಿ ಅಂತ ಲಕ್ಷಾಂತರ ಜನ ಹೊಗಳಿದರು. ಪ್ರಮೀಳಾ ಓದಿ ಹೇಳುವಾಗ ಮಂಚಮ್ಮ ಕಿವಿ ಮುಚ್ಚಿಕೊಂಡಳು. ಮಾಡಿದ ತಪ್ಪಿಗೆ ಬೈಗುಳ ಬಂದರೆ ತಿರುಗಿ ಬೈಯಬಹುದು, ಹೊಗಳಿಕೆ ಬಂದರೆ ಏನು ಮಾಡುವುದು! ತಪ್ಪಾಯಿತು, ಎಲ್ಲಿಂದಲೋ ತಂದ ಮರಿಯನ್ನು ಹೊಳೆಗೆ ಬಿಡಬೇಡಿ ಅಂತ ಅವಳು ಇನ್ನೊಂದು ವಿಡಿಯೋದಲ್ಲಿ ಹೇಳಿದಳು. ಅದನ್ನು ನೋಡಿದವರು ಮುನ್ನೂರು ಜನ.

ಒಂದು ದಿನ ಕೆ.ಆರ್. ಪೇಟೆಯ ಕಡೆಯಿಂದ ಫೋನು ಬಂತು. ಹೇಮಾವತಿ ದಡದ ಒಂದು ಊರಿನವರು. "ಅಮ್ಮ, ನಿಮ್ಮನ್ನ ನೋಡಿ ನಾವೂ ಮರಿ ಬುಡ್ತಾ ಇದೀವಿ." ಮಂಚಮ್ಮ ಮರುಮಾತಾಡದೆ ಪ್ರಮೀಳಾಳನ್ನು ಎಳೆದುಕೊಂಡು ಬಸ್ಸು ಹತ್ತಿದಳು. ಅಲ್ಲಿ ಅರಳೀಕಟ್ಟೆಯಲ್ಲಿ ಕೂತು, ತಾನು ಮಾಡಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು, ಅತ್ತದ್ದನ್ನೂ ಬಿಡಲಿಲ್ಲ. ಅವರ ಹೊಳೆಯಲ್ಲಿ ಏನಿದೆ ಅಂತ ಮೊದಲು ಅಕ್ಷಿತಾ ಬಂದು ನೋಡಲಿ ಅಂತ ಒಪ್ಪಿಸಿಯೇ ಎದ್ದಳು. ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ಆ ಊರಿನ ಹಿರಿಯ ದ್ಯಾವಯ್ಯ, "ಮಾಡಿದ ತಪ್ಪ ಯೋಳಕ್ಕೆ ಬಸ್ಸತ್ತಿ ಬಂದೋರ ನಾನೆಲ್ಲೂ ಕಂಡಿಲ್ಲ ತಾಯಿ," ಅಂದ. ಮಂಚಮ್ಮನಿಗೆ ಆ ಮಾತು ಸನ್ಮಾನಕ್ಕಿಂತ ಹಿತವಾಯಿತು.

ಈ ವರ್ಷ ಅಕ್ಷಿತಾ ಮತ್ತೆ ಮಡುವಿನ ಮರಿಗಳ ರೆಕ್ಕೆ ಚೂರು ತೆಗೆದಳು. ಮಂಚಮ್ಮ ತೆಪ್ಪ ಹಾಕಿದಳು, ಮಾತು ಕಮ್ಮಿ. ಐವತ್ತೆರಡು ಸೀಸೆ ಪರೀಕ್ಷೆಗೆ ಹೋದವು. ಉತ್ತರ ಬರುವವರೆಗೆ ಎರಡು ತಿಂಗಳು ಅವಳಿಗೆ ಊಟ ಸೇರಲಿಲ್ಲ, ಚಿಕ್ಕಬೋರಮ್ಮನ ಜತೆ ಜಗಳವೂ ಸೇರಲಿಲ್ಲ. ಕೊನೆಗೆ ಒಂದು ಭಾನುವಾರ ಅಕ್ಷಿತಾ ಬಂದಳು. ಕೊಪ್ಪಲಿನವರೆಲ್ಲ ಮೆಟ್ಟಿಲ ಹತ್ತಿರ ಸೇರಿದರು, ತಿಮ್ಮರಾಜುವೂ ಬಂದ.

"ಐವತ್ತೆರಡಕ್ಕೆ ಐವತ್ತೆರಡೂ ಈ ಮಡುವಿನವೇ," ಅಂದಳು ಅಕ್ಷಿತಾ. "ಹಳೇ ತರಾವರಿ ಹಾಗೇ ಇದೆ. ಆದರೆ ಅಮ್ಮ, ಸಿಕ್ಕಿಲ್ಲ ಅಂದ ಮಾತ್ರಕ್ಕೆ ಇಲ್ಲವೇ ಇಲ್ಲ ಅಂತ ಹೇಳೋಕಾಗಲ್ಲ. ಇನ್ನೂ ಮೂರು ವರ್ಷ ನೋಡಬೇಕು."

"ನಿಂದೊಂದು! ಪೂರ್ತಿ ಸಂತೋಸ ಪಡಕ್ಕೂ ಬುಡಲ್ಲ," ಅಂತ ಮಂಚಮ್ಮ ರೇಗಿದಳು. ಎಷ್ಟೋ ತಿಂಗಳ ಮೇಲೆ ಬಂದ ಆ ರೇಗಾಟ ಕೇಳಿ ಜನಕ್ಕೆ ನಗು ಬಂತು.

ಅಕ್ಷಿತಾ ಎರಡನೆಯ ಪ್ರಬಂಧ ಬರೆದಿದ್ದಳು. ಬರೆಯುವ ಮೊದಲೇ ಕೇಳಿದ್ದಳು, ಮರಿ ಬಿಟ್ಟವರ ಹೆಸರು ಬೇಡ, ಸ್ಥಳೀಯರು ಅಂತ ಹಾಕಲೇ ಅಂತ. ಮಂಚಮ್ಮ ಒಪ್ಪಿರಲಿಲ್ಲ. "ನನ್ನೆಸ್ರು ಬರಿ. ಯಾರೋ ಅಂದ್ರೆ ಊರ್ನೋರ ಮ್ಯಾಲೆ ಬತ್ತದೆ. ಆಮೇಲೆ ಬಾಚ್ದೋರ ಎಸ್ರೂ ಬರಿ, ಒಂದೂ ಬುಡಕೂಡ್ದು," ಅಂತ ಹೇಳಿ, ಬೆರಳು ಮಡಿಸಿ ಮಡಿಸಿ ನಲವತ್ತಮೂರು ಹೆಸರು ಬರೆಸಿದ್ದಳು. ಇಷ್ಟು ಹೆಸರು ಯಾಕೆ, ಊರಿನ ಹೆಸರು ಸಾಲದೇ ಅಂತ ಪ್ರಬಂಧ ಅಚ್ಚು ಹಾಕುವ ಪತ್ರಿಕೆಯವರು ಕೇಳಿದ್ದರಂತೆ. ಅಕ್ಷಿತಾ ಒಂದನ್ನೂ ತೆಗೆಯಲಿಲ್ಲ.

ಪ್ರಬಂಧದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಕೃತಜ್ಞತೆ ಅಂತ ಒಂದು ಭಾಗ ಇರುತ್ತದೆ. ಅಕ್ಷಿತಾ ಅದನ್ನು ಕನ್ನಡದಲ್ಲಿ ಓದಿದಳು. ಮರಿಗಳನ್ನು ತಿಳಿಯದೆ ಸುರಿದವರು ಮಂಚಮ್ಮ, ಗುರುತಿಸಿ ನಿಲ್ಲಿಸಿದವರೂ ಅವರೇ. ವಾಪಸು ಹಿಡಿದವರು ಚಿಕ್ಕಬೋರಮ್ಮ, ಪ್ರಮೀಳಾ, ತಿಮ್ಮರಾಜು, ಮಹದೇವಸ್ವಾಮಿ, ಮಾದಮ್ಮ... ಹೆಸರು ಬಂದವರು ಒಬ್ಬೊಬ್ಬರೇ ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಎದ್ದು ನಿಂತರು. ಏಳಬೇಕು ಅಂತ ಯಾರೂ ಹೇಳಿರಲಿಲ್ಲ. ಓದಿ ಮುಗಿಯುವ ಹೊತ್ತಿಗೆ ಕೂತಿದ್ದವಳು ಮಂಚಮ್ಮ ಒಬ್ಬಳೇ.

"ನಿನ್ನೆಸ್ರೇ ಮೊದ್ಲು ಓದವ್ಳೆ, ಏಳೇ," ಅಂದಳು ಚಿಕ್ಕಬೋರಮ್ಮ. "ಸುರ್ದೋಳು ನೀನು, ಬಾಚ್ದೋರು ನಾವು. ಕಾಲ್ ನೋಯ್ತದೆ ನಮ್ಗೆ."

ಮಂಚಮ್ಮ ಎದ್ದಳು. ಜೀವಮಾನದಲ್ಲಿ ಯಾರಿಗೂ ಉಪಕಾರವಾಯಿತು ಅಂತ ಬಾಯಿಬಿಟ್ಟು ಹೇಳಿದವಳಲ್ಲ; ಹೇಳುವುದು ಹೇಗೆ ಅಂತಲೂ ಗೊತ್ತಿಲ್ಲ. ಜನವನ್ನು ನೋಡಿದಳು, ಅವರ ಹಿಂದಿನ ನೀರನ್ನು ನೋಡಿದಳು.

"ನೀವ್ ಯಾರೂ ನನ್ನ ಒಂದ್ ಮಾತೂ ಬಯ್ನಿಲ್ಲ," ಅಂದಳು. "ನಾನಾಗಿದ್ರೆ ಬಯ್ದಿರ್ತಿದ್ದೆ ಕಣ್ರೋ."

ಚಿಕ್ಕಬೋರಮ್ಮ ಬಂದು ಅವಳ ಕೈ ಹಿಡಿದುಕೊಂಡಳು.